ಬಣ್ಣ ಬದಲಾದಂತೆ ಪ್ಯಾಡೂ ಬದಲಾಯಿತು

ಕಾರು ಪಾಲಿಶಿಂಗ್ ಮಾತು ಬಂದರೆ ಚರ್ಚೆಯೆಲ್ಲ ಯಂತ್ರದ ಮೇಲೋ ಉಜ್ಜುವ ಲೇಪವಾದ ಕಾಂಪೌಂಡ್ ಮೇಲೋ ನಡೆಯುತ್ತದೆ. ಬಣ್ಣವನ್ನು ಮುಟ್ಟುವುದು ಮಾತ್ರ ಪ್ಯಾಡ್. ಅದನ್ನು ಹಿಡಿದು ತಿರುಗಿಸುವುದು ಹಿಂದಿರುವ ಬ್ಯಾಕಿಂಗ್ ಪ್ಲೇಟ್. ನೂರು ವರ್ಷಗಳಲ್ಲಿ ಇವೆರಡರ ಸ್ವರೂಪ ಬದಲಾಗಿರುವುದಕ್ಕೆ ದೊಡ್ಡ ಕಾರಣ ಕಾರಿನ ಬಣ್ಣವೇ ಬದಲಾದದ್ದು.

1920ರ ದಶಕದವರೆಗೆ ಕಾರುಗಳಿಗೆ ವಾರ್ನಿಶ್ ಬಳಿಯುತ್ತಿದ್ದರು. ಪದರದ ಮೇಲೆ ಪದರ ಒಣಗಲು ವಾರಗಟ್ಟಲೆ ಬೇಕಾಗುತ್ತಿತ್ತು. ಡ್ಯೂಪಾಂಟ್ ಕಂಪನಿಯ ಡ್ಯೂಕೊ ಲ್ಯಾಕರ್, ಜನರಲ್ ಮೋಟರ್ಸ್‌ನ 1924ರ ಓಕ್‌ಲ್ಯಾಂಡ್ ಕಾರಿನ ಮೇಲೆ ಬಂದಾಗ ಆ ಕಾಯುವಿಕೆ ತಪ್ಪಿತು. ಆದರೆ ಈ ನೈಟ್ರೊಸೆಲ್ಯುಲೋಸ್ ಲ್ಯಾಕರ್ ತಾನಾಗಿ ಹೊಳೆಯುತ್ತಿರಲಿಲ್ಲ, ಉಜ್ಜಿಯೇ ಹೊಳಪು ತರಿಸಬೇಕಿತ್ತು. ಆ ಕೆಲಸಕ್ಕೆ ಕುರಿಯ ಉಣ್ಣೆ ಹೇಳಿ ಮಾಡಿಸಿದಂತಿತ್ತು. ಕಾಂಪೌಂಡ್ ಜೊತೆಗೆ ಉಣ್ಣೆಯ ಎಳೆಗಳೂ ಬಣ್ಣವನ್ನು ಕೊರೆಯುತ್ತವೆ, ಬಿಸಿಯೂ ಅಷ್ಟಾಗಿ ಏರುವುದಿಲ್ಲ. ಆಗಿನ ಪ್ಲೇಟ್ ಎಂದರೆ ಒಂದು ರಬ್ಬರ್ ತಟ್ಟೆ. ಉಣ್ಣೆಯ ಟೋಪಿಯನ್ನು ಅದಕ್ಕೆ ದಾರದಿಂದ ಬಿಗಿಯುತ್ತಿದ್ದರು, ಇಲ್ಲವೇ ಪ್ಯಾಡಿನ ನಡುವೆ ನಟ್ ಹಾಕಿ ಕೂರಿಸುತ್ತಿದ್ದರು.

ಈ ಜೋಡಿಗೆ ದೊಡ್ಡ ಪೆಟ್ಟು ಕೊಟ್ಟದ್ದು ಕ್ಲಿಯರ್ ಕೋಟ್. 1970ರ ದಶಕದ ಕೊನೆಯಿಂದ ಕೆಳಗೆ ಬಣ್ಣ, ಮೇಲೆ ಪಾರದರ್ಶಕ ಪದರ ಎಂಬ ವ್ಯವಸ್ಥೆ ಹರಡಿತು. ಇಂದಿನ ಕಾರುಗಳಲ್ಲಿ ಈ ಮೇಲ್ಪದರದ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್. ಸೂರ್ಯನ ಕಿರಣಗಳಿಂದ ಬಣ್ಣವನ್ನು ಕಾಯುವುದು ಇದೇ ಆದ್ದರಿಂದ ಇದರಲ್ಲಿ ತೆಗೆಯಬಹುದಾದ ಪಾಲು ಬಹಳ ಕಡಿಮೆ. ಒಂದೇ ಕೇಂದ್ರದ ಮೇಲೆ ಗಿರಗಿರನೆ ತಿರುಗುವ ರೋಟರಿ ಯಂತ್ರ ಮತ್ತು ಉಣ್ಣೆ ಇದರ ಮೇಲೆ ಹೊಲೊಗ್ರಾಮ್ ಎಂಬ ಗುರುತು ಬಿಡುತ್ತಿದ್ದವು. ಕಪ್ಪು ಕಾರನ್ನು ಬಿಸಿಲಿಗೆ ತಂದರೆ ಸಾಕು, ಪ್ಯಾಡ್ ಹೋದ ದಾರಿಯೆಲ್ಲ ಬಳ್ಳಿಬಳ್ಳಿಯಾಗಿ ಕಾಣುತ್ತಿತ್ತು. ಫೋಮ್ ಪ್ಯಾಡ್ ತನ್ನ ಜಾಗ ಹಿಡಿದದ್ದು ಈ ಕೊರತೆಯಿಂದಲೇ. ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್ ಕಂಡುಹಿಡಿದ ವೆಲ್ಕ್ರೊ ಪ್ಲೇಟಿಗೂ ಬಂತು, ನಟ್ ಹೋಯಿತು, ಒಂದೇ ಕಾರಿಗೆ ನಾಲ್ಕಾರು ಪ್ಯಾಡ್ ಬದಲಿಸುವುದು ಸುಲಭವಾಯಿತು.

ಫೋಮ್ ಬಂದಮೇಲೆ ಬಣ್ಣಗಳ ಗೊಂದಲವೂ ಬಂತು. ಅಮೆರಿಕದ ಲೇಕ್ ಕಂಟ್ರಿ ಕಂಪನಿಯಲ್ಲಿ ಹಳದಿ ಎಂದರೆ ಬಿರುಸಾಗಿ ಕೊರೆಯುವ ಪ್ಯಾಡ್. ಇಟಲಿಯ ರೂಪೆಸ್‌ನಲ್ಲಿ ಅದೇ ಹಳದಿ ನಯವಾದ ಕೊನೆಯ ಹಂತಗಳದ್ದು. ಹಾಗಾಗಿ ಬಣ್ಣ ನೋಡಿ ಪ್ಯಾಡ್ ಕೊಳ್ಳುವುದು ಅಪಾಯ. ಕೈಯಲ್ಲಿ ಹಿಸುಕಿ ನೋಡಿ, ತಯಾರಕರ ಪಟ್ಟಿ ಓದಿ ಕೊಳ್ಳಬೇಕು.

ಮುಂದಿನ ತಿರುವು ಯಂತ್ರದ್ದು. ಕೇಂದ್ರದ ಸುತ್ತ ತೂಗಾಡುತ್ತಲೇ ತಾನೂ ತಿರುಗುವ ಡ್ಯುಯಲ್ ಆಕ್ಷನ್ ಪಾಲಿಶರ್, ಅಂದರೆ ಡಿಎ, ಹವ್ಯಾಸಿಗಳ ಕೈಗೆ ಬಂತು. ಅಮೆರಿಕದಲ್ಲಿ ಮನೆಮಾತಾದ ಪೋರ್ಟರ್ ಕೇಬಲ್ ಯಂತ್ರದ ತೂಗಾಟ ಸುಮಾರು 8 ಮಿ.ಮೀ. ಅದಕ್ಕೆ ದಪ್ಪ ಫೋಮ್ ಹಾಕಿದರೆ ಪ್ಲೇಟ್ ಕೊಟ್ಟ ಚಲನೆಯನ್ನು ಫೋಮೇ ನುಂಗುತ್ತದೆ. ಪ್ಯಾಡಿನ ಬೆನ್ನು ಅಲ್ಲಾಡುತ್ತದೆ, ಮುಖ ಅಲ್ಲೇ ನಿಲ್ಲುತ್ತದೆ. ಪ್ಯಾಡುಗಳು ತೆಳ್ಳಗಾದದ್ದಕ್ಕೂ, 2010ರ ಆಸುಪಾಸಿನಲ್ಲಿ ಮೈಕ್ರೊಫೈಬರ್ ಪ್ಯಾಡ್ ಬಂದದ್ದಕ್ಕೂ ಇದು ಮುಖ್ಯ ಕಾರಣ. ಮರ್ಸಿಡಿಸ್ 2003ರ ಕೊನೆಯಲ್ಲಿ ತಂದ ನ್ಯಾನೊ ಕಣಗಳ ಕ್ಲಿಯರ್ ಕೋಟ್‌ನಂಥ ಗಟ್ಟಿ ಪದರಗಳೂ ಹೆಚ್ಚು ಕೊರೆಯುವ ಪ್ಯಾಡಿನ ಬೇಡಿಕೆ ಹೆಚ್ಚಿಸಿದವು. ರೂಪೆಸ್ ತನ್ನ ಬಿಗ್‌ಫುಟ್ ಯಂತ್ರಗಳಲ್ಲಿ ತೂಗಾಟವನ್ನು 15 ಮತ್ತು 21 ಮಿ.ಮೀ.ಗೆ ಏರಿಸಿದಾಗ, ಡಿಎ ಎಂದರೆ ನಿಧಾನ ಎಂಬ ಮಾತು ಹಳತಾಯಿತು.

ಈ ಬೆಳವಣಿಗೆಯಲ್ಲಿ ತಕ್ಕ ಗಮನ ಸಿಗದೆ ಉಳಿದದ್ದು ಪ್ಲೇಟ್. ನನ್ನ ಮಟ್ಟಿಗೆ ಆಯ್ಕೆ ಅಲ್ಲಿಂದಲೇ ಶುರುವಾಗಬೇಕು. ಪ್ಲೇಟ್ ಪ್ಯಾಡಿಗಿಂತ ತುಸು ಚಿಕ್ಕದಿರಬೇಕು. 125 ಮಿ.ಮೀ. ಪ್ಲೇಟಿಗೆ 140ರಿಂದ 150 ಮಿ.ಮೀ. ಪ್ಯಾಡ್ ಸರಿಹೊಂದುತ್ತದೆ. ಎರಡೂ ಒಂದೇ ಅಳತೆಯಾದರೆ ಬಂಪರಿನ ಅಂಚಿನಲ್ಲಿ ಪ್ಲೇಟಿನ ಗಟ್ಟಿ ಅಂಚು ಬಣ್ಣಕ್ಕೆ ಬಡಿಯಬಹುದು. ಪ್ಲೇಟ್ ತೀರ ಚಿಕ್ಕದಾದರೆ ಒತ್ತಡವೆಲ್ಲ ನಡುವಿಗೇ ಬಿದ್ದು ಅಲ್ಲಿ ಬಿಸಿಯೇರಿ, ಪ್ಯಾಡಿನ ಬೆನ್ನಿನ ವೆಲ್ಕ್ರೊ ಕಿತ್ತುಬರುತ್ತದೆ. ಪ್ಯಾಡಿನ ನಡುವೆ ರಂಧ್ರ ಬಿಡುವ ಪದ್ಧತಿ ಬಂದದ್ದು ಬಿಸಿ ಹೊರಹೋಗಲೆಂದು. ಡಿಎ ಯಂತ್ರದೊಳಗಿನ ಪ್ರತಿತೂಕವನ್ನು ಇಂತಿಷ್ಟು ತೂಕದ ಪ್ಲೇಟ್ ಮತ್ತು ಪ್ಯಾಡಿಗೆಂದೇ ಹೊಂದಿಸಿರುತ್ತಾರೆ. ಸಿಕ್ಕ ಪ್ಲೇಟ್ ಹಾಕಿದರೆ ಯಂತ್ರ ನಡುಗುತ್ತದೆ, ಕೈ ಜೋಮು ಹಿಡಿಯುತ್ತದೆ, ಬೇರಿಂಗೂ ಬೇಗ ಸವೆಯುತ್ತದೆ.

ಪ್ಲೇಟನ್ನು ಯಂತ್ರಕ್ಕೆ ಬಿಗಿಯುವ ಥ್ರೆಡ್ ವಿಚಾರದಲ್ಲಂತೂ ಅವಸರ ಸಲ್ಲದು. ಭಾರತದಲ್ಲಿ ಸಿಗುವ ರೋಟರಿಗಳಲ್ಲಿ ಹೆಚ್ಚಾಗಿ ಕಾಣುವುದು ಎಂ14. ಅಮೆರಿಕದ ಡಿಎಗಳಲ್ಲಿ 5/16 ಇಂಚು, ಬಿಗ್‌ಫುಟ್‌ನಲ್ಲಿ ಎಂ8. ಕೊನೆಯ ಎರಡರ ವ್ಯಾಸ ಹೆಚ್ಚುಕಡಿಮೆ ಒಂದೇ, ಒಂದೆರಡು ಸುತ್ತು ಒಳಗೂ ಹೋಗುತ್ತದೆ. ಆದರೆ ಥ್ರೆಡ್ಡಿನ ಅಂತರ ಬೇರೆ. ಬಲವಂತವಾಗಿ ಬಿಗಿದರೆ ಥ್ರೆಡ್ ಹಾಳಾಗಿ, ಸ್ಪಿಂಡಲ್ಲನ್ನೇ ಬದಲಿಸಬೇಕಾದೀತು.

ನಮ್ಮೂರಿನ ಕಾರುಗಳ ಮೇಲಿನ ಸ್ವರ್ಲ್‌ಗಳಲ್ಲಿ, ಅಂದರೆ ಸುರುಳಿ ಗೀರುಗಳಲ್ಲಿ, ಬಹುಪಾಲು ಬೆಳಿಗ್ಗೆ ಧೂಳಿನ ಮೇಲೆಯೇ ಒಣಬಟ್ಟೆ ಎಳೆಯುವುದರಿಂದ ಆದವು. ಇವು ಹೆಚ್ಚಾಗಿ ಮೇಲ್ಮೈ ಗೀರುಗಳು. ರಬ್ಬಿಂಗ್ ಹೆಸರಿನಲ್ಲಿ ಉಣ್ಣೆಯ ಪ್ಯಾಡಿನಿಂದಲೇ ಇವಕ್ಕೆ ಕೈಹಚ್ಚುವ ರೂಢಿ ಬಿಟ್ಟುಹೋಗಬೇಕು. ಮೊದಲು ಒಂದಡಿ ಜಾಗದಲ್ಲಿ ಮಧ್ಯಮ ಫೋಮ್ ಹಾಕಿ ನೋಡಬೇಕು. ಗೀರು ಹೋಗದಿದ್ದರಷ್ಟೇ ಮೈಕ್ರೊಫೈಬರ್, ಅದೂ ಸಾಲದಿದ್ದರೆ ಉಣ್ಣೆ. ಪ್ಲೇಟಿನ ಅಂಚಿಗೆ ಮಾರ್ಕರ್‌ನಿಂದ ಒಂದು ಗೆರೆ ಎಳೆದುಕೊಂಡರೆ ಬಾಗಿದ ಜಾಗದಲ್ಲಿ ಪ್ಯಾಡ್ ತಿರುಗುವುದು ನಿಂತ ಕ್ಷಣವೇ ಗೊತ್ತಾಗುತ್ತದೆ. ಆಗ ಒತ್ತಡ ಸಡಿಲಿಸಿ ಯಂತ್ರವನ್ನು ಸಮಕ್ಕೆ ತರಬೇಕು. ಆಗಲೂ ತಿರುಗದಿದ್ದರೆ ಆ ಜಾಗಕ್ಕೆ 75 ಮಿ.ಮೀ. ಪ್ಲೇಟೇ ಸೂಕ್ತ.