ತೂಬಿನಿಂದ ಕೊಳವೆಬಾವಿಗೆ: ಧರ್ಮಪುರ ಸೀಮೆಯ ನೀರಿನ ಲೆಕ್ಕ

ಧರ್ಮಪುರ ಹಿರಿಯೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ, ಆಂಧ್ರದ ಗಡಿಗೆ ಅಂಟಿಕೊಂಡ ಬಯಲುಸೀಮೆ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಇಲ್ಲಿಗೆ ದೂರವಲ್ಲ. ವರ್ಷದ ಮಳೆ 600 ಮಿ.ಮೀ. ಆಸುಪಾಸು. ಇಂಥ ಕಡೆ ಬೇಸಾಯ ನಿಂತಿದ್ದದ್ದು ಕೆರೆಯ ಮೇಲೆ.

ಕೆರೆಯ ಯಂತ್ರವೆಂದರೆ ತೂಬು. ಏರಿಯ ಒಳಮಗ್ಗುಲಲ್ಲಿ ಎರಡು ಕಲ್ಲುಕಂಬ, ನಡುವೆ ತೂತು ಕೊರೆದ ಅಡ್ಡಚಪ್ಪಡಿಗಳು, ಅವುಗಳ ಮೂಲಕ ಇಳಿಬಿಟ್ಟ ಕೋಲು, ಕೋಲಿನ ತುದಿಗೆ ಮರದ ಬಿರಡೆ. ಬಿರಡೆ ಎಷ್ಟು ಮೇಲೆದ್ದರೆ ಅಷ್ಟು ನೀರು. ಆದರೆ ಅದನ್ನು ಎತ್ತುತ್ತಿದ್ದವನು ನೀರುಗಂಟಿ ಒಬ್ಬನೇ. ಗದ್ದೆಯವರು ಮುಟ್ಟುವಂತಿರಲಿಲ್ಲ. ನೀರುಗಂಟಿಯ ಕೂಲಿ ಸುಗ್ಗಿಯ ಕಣದಲ್ಲಿ ಸಿಗುತ್ತಿದ್ದ ಆಯ. ಬೆಳೆ ಕೆಟ್ಟರೆ ಅವನ ಪಾಲೂ ಕೆಟ್ಟಿತು. ಹೂಳು ತೆಗೆದು ಏರಿ ಕಾಯುವವರಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಭೂಮಿ ಬಿಟ್ಟುಕೊಟ್ಟದ್ದನ್ನು ಕನ್ನಡ ಶಾಸನಗಳು ಮತ್ತೆ ಮತ್ತೆ ಹೇಳುತ್ತವೆ. ನೀರು ಸಾಲದ ವರ್ಷ ಮೈಸೂರು ಸೀಮೆಯ ಕೆಲವೆಡೆ ದಾಮಾಶ ನಡೆಯುತ್ತಿತ್ತು: ತೂಬಿನ ಹತ್ತಿರದ ಗದ್ದೆಯನ್ನಷ್ಟೇ ನೆನೆಸಿ, ಅದನ್ನೇ ಎಲ್ಲ ಹಿಡುವಳಿದಾರರೂ ಪಾಲು ಹಾಕಿಕೊಂಡು ಬೆಳೆಯುವುದು. ಕಲ್ಲು, ಮರ, ಮನುಷ್ಯ ಮೂರೂ ಸೇರಿದ ಒಂದೇ ಏರ್ಪಾಡು ಇದು. ಒಂದನ್ನು ಬಿಟ್ಟು ಇನ್ನೊಂದರ ಲೆಕ್ಕ ಸಿಗುವುದಿಲ್ಲ.

ಕೆರೆಗಳೂ ಒಂಟಿಯಲ್ಲ. ಮೇಲಿನದರ ಕೋಡಿ ಬಿದ್ದ ನೀರು ಕೆಳಗಿನದಕ್ಕೆ. ಮೈಸೂರಿನ ಮುಖ್ಯ ಎಂಜಿನಿಯರ್ ಸ್ಯಾಂಕಿ 1866ರಲ್ಲಿ ಬರೆದ ಪ್ರಕಾರ ಸಂಸ್ಥಾನದ ನೂರಕ್ಕೆ ಸುಮಾರು 60 ಪಾಲು ನೆಲ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿತ್ತು. ಹೊಸ ಕೆರೆ ಕಟ್ಟಿದರೆ ಕೆಳಗಿನ ಯಾವುದೋ ಕೆರೆಯ ನೀರು ತಪ್ಪುವುದು ಹೆಚ್ಚುಕಡಿಮೆ ಖಚಿತ ಎಂದೂ ಆತ ಹೇಳಿದ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಆ ಮಾತಿಗಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ. ಒಬ್ಬರ ನಿರ್ಧಾರ ಉಳಿದವರ ನೀರಿಗೆ ಏನು ಮಾಡುತ್ತದೆ ಎಂಬ ಇದೇ ಬಗೆಯ ಪ್ರಶ್ನೆಯನ್ನು ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಜೇಮ್ಸ್ ಕ್ರೆಮರ್ 1993ರಲ್ಲಿ ಬಾಲಿ ದ್ವೀಪದ 172 ಸುಬಕ್‌ಗಳ, ಅಂದರೆ ನೀರು ಬಳಕೆದಾರ ರೈತಕೂಟಗಳ, ಗಣಕ ಮಾದರಿ ಮಾಡಿ ಕೇಳಿದರು. ಪ್ರತಿ ಕೂಟ ತನ್ನಿಷ್ಟದಂತೆ ನಾಟಿ ಮಾಡಿದರೆ ಕೀಟ ಹೆಚ್ಚುತ್ತದೆ, ಎಲ್ಲವೂ ಒಟ್ಟಿಗೆ ಮಾಡಿದರೆ ನೀರು ಸಾಲದು. ನೀರಿನ ದೇವಾಲಯಗಳು ಬೆಸೆದ ನಡುಗಾತ್ರದ ಹೊಂದಾಣಿಕೆಯಲ್ಲೇ ಇಳುವರಿ ಹೆಚ್ಚು ಎಂದು ಅದು ತೋರಿಸಿತು.

ಇತ್ತ ಹಿರಿಯೂರು ತಾಲ್ಲೂಕಿನಲ್ಲೇ, 1898ರಲ್ಲಿ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ವಾಣಿವಿಲಾಸ ಸಾಗರದ ಕೆಲಸ ಶುರುವಾಗಿ 1907ರ ಹೊತ್ತಿಗೆ ಮುಗಿಯಿತು. ನೀರಿನ ಯಜಮಾನಿಕೆ ಊರಿನಿಂದ ಇಲಾಖೆಗೆ ಹೋಯಿತು. 30 ಟಿಎಂಸಿ ಹಿಡಿಸುವ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲೇ. ಧರ್ಮಪುರ ಮಾತ್ರ ತನ್ನ ಕೆರೆಯನ್ನೇ ನಂಬಿಕೊಂಡಿತು. ಆ ಕೆರೆಗೆ ಪೂರಕ ನಾಲೆ ಬೇಕೆಂಬ ಕೂಗು ದಶಕಗಳಷ್ಟು ಹಳೆಯದು.

1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ನೀರುಗಂಟಿಯ ಹಳೆಯ ಆಸರೆ ಹೋಯಿತು. ಆಮೇಲೆ ಬಂದದ್ದು ಕೊಳವೆಬಾವಿ. ಇದಕ್ಕೆ ತೂಬಿಲ್ಲ, ಕಾಯುವವನಿಲ್ಲ. ಸ್ವಿಚ್ ಒತ್ತುವವನೇ ಯಜಮಾನ. ಒಬ್ಬನ ಬಾವಿ ಆಳಕ್ಕೆ ಹೋದರೆ ಪಕ್ಕದವನದು ಬತ್ತುತ್ತದೆ, ಅವನು ಇನ್ನೂ ಆಳಕ್ಕೆ ಕೊರೆಸುತ್ತಾನೆ. ಹತ್ತು ಎಚ್‌.ಪಿ. ವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತವಾದ ಮೇಲೆ ಎತ್ತುವ ನೀರಿಗೆ ಬೆಲೆಯ ತಡೆಯೂ ಉಳಿಯಲಿಲ್ಲ. ತೂಬಿನ ಮುಂದೆ ಎಲ್ಲರ ಕಣ್ಣಿಗೆ ಬೀಳುತ್ತಿದ್ದ ಕೊರತೆ ನೆಲದೊಳಗೆ ಅಡಗಿತು. ಅದು ಗೊತ್ತಾಗುವುದು ಮೋಟರ್ ಗಾಳಿ ಎಳೆದಾಗ.