‘ಓ’ ಎಂದು ಬರೆದ ಕಾರ್ಡು: ಬೀದರ್ ಸೀಮೆ ಮತ್ತು ಬಾಂಬೆ ರಕ್ತದ ಗುಂಪು

ಶಿಬಿರಗಳಲ್ಲಿ ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ಆಂಟಿ-ಎ, ಆಂಟಿ-ಬಿ ಹನಿಗಳೊಂದಿಗೆ ರಕ್ತ ಕಲಸುತ್ತಾರೆ. ಎರಡರಲ್ಲೂ ಕಣಗಳು ಗಂಟುಕಟ್ಟದಿದ್ದರೆ ಕಾರ್ಡಿನಲ್ಲಿ ‘ಓ’ ಎಂದು ಬರೆಯುತ್ತಾರೆ. ಬೀದರ್ ಜಿಲ್ಲೆಯ ಭಾಲ್ಕಿ, ಔರಾದ್ ಕಡೆಯ ರೋಗಿಯ ಕೈಯಲ್ಲಿ ಆ ಕಾರ್ಡು ಕಂಡಾಗ ಅದನ್ನು ಎಷ್ಟು ನಂಬಬೇಕು?

1952ರಲ್ಲಿ ವೈ. ಎಂ. ಭೇಂಡೆ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ನಲ್ಲಿ ವರದಿ ಮಾಡಿದ ಬಾಂಬೆ ಗುಂಪಿನವರೂ ಈ ಪರೀಕ್ಷೆಯಲ್ಲಿ ‘ಓ’ ಆಗಿಯೇ ಕಾಣುತ್ತಾರೆ. ಎ, ಬಿ ಪ್ರತಿಜನಕಗಳಿಗೆ ಬುನಾದಿಯಾದ ಎಚ್ ಅವರ ಕಣಗಳ ಮೇಲಿಲ್ಲ. ಸೀರಮ್‌ನಲ್ಲಿ ಎಚ್ ವಿರುದ್ಧದ ಪ್ರತಿಕಾಯವಿದೆ. ಓ ಕಣಗಳಲ್ಲಾದರೋ ಎಚ್ ಹೇರಳ. ಹಾಗಾಗಿ ಯಾರಿಗೂ ಕೊಡಬಹುದೆಂದು ನೆಚ್ಚಿಕೊಂಡ ಓ ನೆಗೆಟಿವ್ ಕೂಡ ಇವರ ಮೈಯಲ್ಲಿ ಒಡೆದು ಪ್ರಾಣಕ್ಕೆ ಸಂಚಕಾರ ತರುತ್ತದೆ. ಪತ್ತೆ ಕಷ್ಟವೇನಲ್ಲ: ರೋಗಿಯ ಸೀರಮ್‌ಗೆ ಓ ಕಣಗಳನ್ನು ಬೆರೆಸಬೇಕು. ನಿಜವಾದ ಓ ಆದರೆ ಏನೂ ಆಗದು, ಬಾಂಬೆಯಾದರೆ ಕಣಗಳು ಗಂಟುಕಟ್ಟುತ್ತವೆ. ಗಾಜಿನ ಪಟ್ಟಿಯ ಅವಸರದಲ್ಲಿ ಬಿಟ್ಟುಹೋಗುವುದು ಇದೇ ಹೆಜ್ಜೆ.

ಭಾರತದಲ್ಲಿ 10,000ಕ್ಕೆ ಒಬ್ಬರು ಎಂಬುದು ರೂಢಿಯ ಅಂದಾಜು. ಒಳಸಂಬಂಧ ಬೆಳೆಸುವ ಮನೆತನಗಳಿಗೆ ಅದನ್ನು ಹಾಗೇ ಅನ್ವಯಿಸಲು ನನಗೆ ಹಿಂಜರಿಕೆ. ತಂದೆ, ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಈ ಗುಣ ಹೊರಗೆ ಕಾಣುತ್ತದೆ. ಆ ವಂಶವಾಹಿಯ ಪ್ರಮಾಣ ಶೇ. 1 ಎಂದಿಟ್ಟುಕೊಳ್ಳೋಣ. ಹೊರಸಂಬಂಧದ ದಂಪತಿಯ ಮಕ್ಕಳಲ್ಲಿ 10,000ಕ್ಕೆ 1. ಅತ್ತೆ-ಮಾವನ ಮಕ್ಕಳು ಮದುವೆಯಾದರೆ ಸುಮಾರು 7. ಸೋದರಮಾವ ಅಕ್ಕನ ಮಗಳನ್ನು ತಂದುಕೊಂಡರೆ ಸುಮಾರು 13. (ಇದು ಬರೀ ಲೆಕ್ಕ, ಸಮೀಕ್ಷೆಯ ಫಲಿತಾಂಶವಲ್ಲ.)

ಬಾಂಬೆ ಗುಂಪಿನವರಿಗೆ ಬಾಂಬೆ ರಕ್ತವೇ ಆಗಬೇಕು. ಮೊದಲು ಹುಡುಕಬೇಕಾದದ್ದು ಒಡಹುಟ್ಟಿದವರಲ್ಲಿ. ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದಾದರೂ ಇದೆ. ಆಮೇಲೆ ಬಳಗ. ಇಲ್ಲಿಯ ಬಳಗವೋ ಗಡಿಗೆ ಜಗ್ಗದ್ದು: ಈಗ ಮಹಾರಾಷ್ಟ್ರದಲ್ಲಿರುವ ಉದಗೀರ್, ನಿಲಂಗಾ, ಅಹ್ಮದಪುರ 1956ರ ತನಕ ಬೀದರ್ ಜಿಲ್ಲೆಗೇ ಸೇರಿದ್ದವು, ಕೊಟ್ಟು ತರುವ ನಂಟು ಇಂದಿಗೂ ಉಳಿದಿದೆ. ಭಾಲ್ಕಿಯ ರೋಗಿಗೆ ಬೇಕಾದ ರಕ್ತ ಉದಗೀರಿನ ಅಕ್ಕನ ಮನೆಯಲ್ಲಿರಬಹುದು; ಜಿಲ್ಲೆಯ ದಾನಿಗಳ ಪಟ್ಟಿಯಲ್ಲಿ ಆ ಹೆಸರಿರುವುದಿಲ್ಲ.

ಕೂಡಿಟ್ಟುಕೊಳ್ಳೋಣವೆಂದರೆ ಹೆಪ್ಪುಗಟ್ಟದಂತೆ ತಡೆಯುವ ಸಿಪಿಡಿಎ ದ್ರಾವಣದ ಚೀಲದಲ್ಲಿಟ್ಟ ರಕ್ತಕ್ಕೆ 35 ದಿನಗಳಷ್ಟೇ ಆಯುಷ್ಯ. ಹೆರಿಗೆಯಲ್ಲಿ ರಕ್ತಸ್ರಾವವಾಗಿ ಔರಾದ್‌ನಿಂದ ಬೀದರ್‌ನ ಬ್ರಿಮ್ಸ್ ಆಸ್ಪತ್ರೆಗೆ ಬಂದವಳ ಗುಂಪು ಅಲ್ಲಿ ತಿಳಿಯುವ ಬದಲು, ಬಸಿರಿನ ಮೊದಲ ತಪಾಸಣೆಯಲ್ಲೇ ಸೀರಮ್ ಪರೀಕ್ಷೆಯೂ ಆಗಿ ತಾಯಿ ಕಾರ್ಡಿನಲ್ಲಿ ದಾಖಲಾದರೆ, ಕಬ್ಬಿಣದ ಮಾತ್ರೆಯಿಂದ ಹಿಮೋಗ್ಲೋಬಿನ್ ಏರಿಸಲು, ನೆಂಟರನ್ನು ಹುಡುಕಲು ತಿಂಗಳುಗಳೇ ಸಿಗುತ್ತವೆ.