ಗಿಲೀಟು ಒಡವೆಯ ಬೆನ್ನ ಮೇಲಿನ ಬರಹ

ಚಿನ್ನದ ಒಡವೆಯನ್ನು ತೂಗಿ ನೋಡುತ್ತಾರೆ, ಒರೆಗೆ ಹಚ್ಚುತ್ತಾರೆ. ಗಿಲೀಟು ಒಡವೆಗೆ ಆ ಮರ್ಯಾದೆ ಇಲ್ಲ. ಬಣ್ಣ ಹೋದ ಮೇಲೆ ಅದು ಮಕ್ಕಳ ಆಟಕ್ಕೆ, ಇಲ್ಲವೇ ಗುಜರಿಗೆ. ಆದರೆ ಅಮೆರಿಕ ಮತ್ತು ಯುರೋಪಿನಲ್ಲಿ ಕಳೆದ ಶತಮಾನದಲ್ಲಿ ತಯಾರಾದ ಇಂತಹ ಒಡವೆಗಳನ್ನು ಈಗ ಹುಡುಕಿ ಕೊಳ್ಳುವವರಿದ್ದಾರೆ. ಅವರು ಒಡವೆ ಕೈಗೆ ಬಂದ ಕೂಡಲೇ ಅದನ್ನು ತಿರುವಿ ಹಾಕಿ ಬೆನ್ನನ್ನು ನೋಡುತ್ತಾರೆ. ಭೂತಗನ್ನಡಿ ಹಿಡಿದು ಓದಬೇಕಾದ ನಾಲ್ಕಾರು ಅಕ್ಷರಗಳು ಅಲ್ಲಿರುತ್ತವೆ. ಚಿನ್ನದ ಮೇಲಿನ ಹಾಲ್‌ಮಾರ್ಕ್ ಲೋಹದ ಶುದ್ಧತೆಗೆ ಸಾಕ್ಷಿ. ಶುದ್ಧತೆಯ ಪ್ರಶ್ನೆಯೇ ಇಲ್ಲದ ಈ ಒಡವೆಗಳ ಮುದ್ರೆ ಬೇರೆ ಸಂಗತಿ ಹೇಳುತ್ತದೆ: ಯಾರು ಮಾಡಿದರು, ಯಾವ ನೆಲದಲ್ಲಿ, ಯಾವ ಕಾನೂನಿನ ಕೆಳಗೆ.

ಟ್ರಿಫಾರಿ ಕಂಪನಿಯನ್ನೇ ನೋಡೋಣ. ಇಟಲಿಯ ನೇಪಲ್ಸ್‌ನಲ್ಲಿ ಹುಟ್ಟಿದ ಗುಸ್ತಾವೋ ಟ್ರಿಫಾರಿ 1904ರಲ್ಲಿ ಅಮೆರಿಕಕ್ಕೆ ವಲಸೆ ಬಂದವರು. ಮುಂದೆ ಲಿಯೊ ಕ್ರಸ್‌ಮನ್ ಮತ್ತು ಕಾರ್ಲ್ ಫಿಶೆಲ್ ಅವರ ಜೊತೆಗೂಡಿದರು. 1930ರಲ್ಲಿ ಸೇರಿದ ವಿನ್ಯಾಸಕಾರ ಆಲ್ಫ್ರೆಡ್ ಫಿಲಿಪ್ ನಿಜವಾದ ರತ್ನಗಳ ಕೆಲಸದಲ್ಲಿ ಪಳಗಿದವರು. ಅದೇ ಕೈಚಳಕವನ್ನು ಗಾಜಿನ ಕಲ್ಲುಗಳಿಗೂ ತಂದರು. 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರ ಪತ್ನಿ ಮೇಮಿ ಅಧಿಕಾರ ಸ್ವೀಕಾರದ ನೃತ್ಯಕೂಟಕ್ಕೆ ತೊಟ್ಟಿದ್ದು ಈ ಕಂಪನಿಯ ಕೃತಕ ಮುತ್ತುಗಳನ್ನು.

ಮೂವತ್ತರ ದಶಕದ ಕೆಲವು ಟ್ರಿಫಾರಿ ಒಡವೆಗಳ ಮೇಲೆ ಕೆ, ಟಿ, ಎಫ್ ಎಂಬ ಮೂರು ಅಕ್ಷರಗಳಿವೆ, ಅಂದರೆ ಮೂವರು ಪಾಲುದಾರರು. ಆಮೇಲೆ ಟಿ ಅಕ್ಷರದ ತಲೆಯ ಮೇಲೆ ಪುಟ್ಟ ಕಿರೀಟ ಬಂತು. ಈ ಹೆಸರಿನ ಪಕ್ಕದಲ್ಲಿ ವೃತ್ತದೊಳಗಿನ ಸಿ, ಅಂದರೆ ಕೃತಿಸ್ವಾಮ್ಯದ ಗುರುತು, ಇದೆಯೇ ಎಂಬುದನ್ನು ಗಮನಿಸಬೇಕು. ಅದರ ಹಿಂದೆ ಒಂದು ಮೊಕದ್ದಮೆಯ ಕಥೆಯಿದೆ. ವಿನ್ಯಾಸಕ್ಕೆ ಪೇಟೆಂಟ್ ಪಡೆಯಲು ತಿಂಗಳುಗಟ್ಟಲೆ ಕಾಯಬೇಕಿತ್ತು. ಅಷ್ಟರಲ್ಲಿ ನಕಲು ಮಾಡುವವರು ಅದೇ ಬ್ರೂಚನ್ನು ಅರ್ಧ ಬೆಲೆಗೆ ಮಾರಿ ಮುಗಿಸಿರುತ್ತಿದ್ದರು. ಟ್ರಿಫಾರಿ ಕಂಪನಿ ಚಾರೆಲ್ ಎಂಬ ಕಂಪನಿಯ ಮೇಲೆ ದಾವೆ ಹೂಡಿತು. ಅಗ್ಗದ ಒಡವೆಯೂ ಕಲಾಕೃತಿ ಆಗಬಲ್ಲದೇ ಎಂಬುದೇ ಪ್ರಶ್ನೆ. ಆಗಬಲ್ಲದು ಎಂದು 1955ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ಹೇಳಿತು. ಅಲ್ಲಿಂದ ಮುಂದೆ ಆ ಪುಟ್ಟ ಸಿ ಎಲ್ಲೆಡೆ ಕಾಣಿಸಿಕೊಂಡಿತು. ಅದು ಇದ್ದರೆ ಸಾಮಾನ್ಯವಾಗಿ ಒಡವೆ 1955ರ ನಂತರದ್ದು ಎಂದು ತಿಳಿಯಬಹುದು.

ಯುದ್ಧವೂ ಗುರುತು ಬಿಟ್ಟಿದೆ. ಈ ಒಡವೆಗಳ ಎರಕಕ್ಕೆ ಬಳಸುತ್ತಿದ್ದ ಬಿಳಿಲೋಹದಲ್ಲಿ ತವರ ಮುಖ್ಯ. 1942ರಲ್ಲಿ ಜಪಾನ್ ಮಲಯ ಮತ್ತು ಇಂಡೋನೇಷ್ಯದ ಗಣಿ ಪ್ರದೇಶಗಳನ್ನು ವಶಪಡಿಸಿಕೊಂಡಾಗ ತವರಕ್ಕೆ ಬರ ಬಂತು. ಇದ್ದದ್ದು ಸೇನೆಗೆ ಹೋಯಿತು. ತಯಾರಕರು ವಿಧಿಯಿಲ್ಲದೆ ಬೆಳ್ಳಿಯ ಮೊರೆ ಹೋದರು. ಆದ್ದರಿಂದ ಚಿನ್ನದ ನೀರು ಹಾಯಿಸಿದ ದೊಡ್ಡ ಬ್ರೂಚಿನ ಬೆನ್ನಲ್ಲಿ ಸ್ಟರ್ಲಿಂಗ್ ಎಂದಿದ್ದರೆ ಅದು ಯುದ್ಧಕಾಲದ್ದಿರುವ ಸಂಭವ ಹೆಚ್ಚು. ತವರಕ್ಕಿಂತ ಬೆಳ್ಳಿ ಸುಲಭವಾಗಿ ಸಿಗುವ ಕಾಲವೂ ಒಂದಿತ್ತು, ನೋಡಿ!

ಆದರೆ ಅಂಕಿಗಳನ್ನು ಕಣ್ಣುಮುಚ್ಚಿ ನಂಬಬಾರದು. ಕೋರೋ ಕಂಪನಿಯ ಡ್ಯುಯೆಟ್ ಎಂಬ ಜೋಡಿ ಕ್ಲಿಪ್ಪುಗಳ ಮೇಲೆ 1798867 ಎಂಬ ಪೇಟೆಂಟ್ ಸಂಖ್ಯೆ ಇರುತ್ತದೆ. ಅದು 1931ರದ್ದು. ಅದು ಕ್ಲಿಪ್ಪುಗಳನ್ನು ಹಿಡಿದಿಡುವ ಚೌಕಟ್ಟಿನ ಪೇಟೆಂಟ್ ಆದ್ದರಿಂದ ಎಷ್ಟೋ ವರ್ಷಗಳವರೆಗೆ ಅದೇ ಸಂಖ್ಯೆಯನ್ನು ಒತ್ತಿದ್ದಾರೆ. ಮಾರುವವರು ಮಾತ್ರ ಒಡವೆಯೇ 1931ರದ್ದೆಂದು ಬೆಲೆ ಏರಿಸುವುದುಂಟು. ಮುದ್ರೆ ಇಲ್ಲದ್ದೆಲ್ಲ ಕಳಪೆಯೆಂದೂ ಅಲ್ಲ. ಮಿರಿಯಂ ಹ್ಯಾಸ್ಕೆಲ್ ಸಂಸ್ಥೆಯ ಯುದ್ಧಪೂರ್ವದ ಸೊಗಸಾದ ಹಾರಗಳಲ್ಲಿ ಹೆಸರೇ ಇಲ್ಲ.

ಎಲ್ಲಕ್ಕಿಂತ ಮನ ಕಲಕುವುದು ದೇಶದ ಹೆಸರು. ಅಮೆರಿಕಕ್ಕೆ ಬರುವ ಸರಕಿನ ಮೇಲೆ ಮೂಲದೇಶದ ಹೆಸರಿರಬೇಕೆಂದು 1890ರ ಸುಂಕದ ಕಾನೂನು ಹೇಳಿತು. ಬೋಹೀಮಿಯದ ಗಾಬ್ಲೋನ್ಸ್ ಎಂಬ ಊರು ಗಾಜಿನ ಕಲ್ಲು, ಮಣಿಗಳಿಗೆ ಪ್ರಸಿದ್ಧ. ಅಲ್ಲಿನ ಸರಕಿಗೆ ಮೊದಲು ಆಸ್ಟ್ರಿಯದ ಹೆಸರು. 1918ರಲ್ಲಿ ಸಾಮ್ರಾಜ್ಯ ಒಡೆದಾಗ ಅದೇ ಕುಲುಮೆ, ಅದೇ ಕೈಗಳು, ಹೆಸರು ಮಾತ್ರ ಚೆಕೊಸ್ಲೊವಾಕಿಯ. 1938ರಲ್ಲಿ ಹಿಟ್ಲರ್ ಆ ಸೀಮೆಯನ್ನು ನುಂಗಿದ. 1945ರ ನಂತರ ಅಲ್ಲಿನ ಜರ್ಮನ್ ಭಾಷಿಕರನ್ನು, ತಪ್ಪಿತಸ್ಥರು, ನಿರಪರಾಧಿಗಳು ಎಂದು ನೋಡದೆ, ಹೊರದಬ್ಬಲಾಯಿತು. ಕಸುಬುದಾರರ ದೊಡ್ಡ ಗುಂಪೊಂದು ಬವೇರಿಯದ ಕಾಫ್‌ಬಾಯ್ರನ್ ಪಟ್ಟಣದ ಬಳಿ, ಪಾಳುಬಿದ್ದ ಸ್ಫೋಟಕ ಕಾರ್ಖಾನೆಯ ಜಾಗದಲ್ಲಿ ನೆಲೆ ನಿಂತು, ಮತ್ತೆ ಗಾಜು ಕರಗಿಸತೊಡಗಿತು. ಆ ನೆಲೆಗೆ ನಾಯ್‌ಗಾಬ್ಲೋನ್ಸ್, ಅಂದರೆ ಹೊಸ ಗಾಬ್ಲೋನ್ಸ್ ಎಂದೇ ಹೆಸರಿಟ್ಟರು. ಅಲ್ಲಿನ ಒಡವೆಗಳ ಮೇಲೆ ಪಶ್ಚಿಮ ಜರ್ಮನಿ ಎಂಬ ಮುದ್ರೆ ಬಂತು. 1990ರಲ್ಲಿ ಆ ಹೆಸರೂ ಹೋಯಿತು. ಅಮೆರಿಕದ ಆಡಳಿತದಲ್ಲಿದ್ದ ಜಪಾನಿನಿಂದ ಬಂದ ಒಡವೆಗಳ ಮೇಲಂತೂ ‘ಆಕ್ರಮಿತ ಜಪಾನ್’ ಎಂದೇ ಇಂಗ್ಲಿಷಿನಲ್ಲಿ ಒತ್ತಿದ್ದಾರೆ. ಆ ಆಡಳಿತ ಮುಗಿದದ್ದು 1952ರಲ್ಲಿ.

ಗಾಬ್ಲೋನ್ಸ್‌ಗೂ ನಮಗೂ ನಂಟಿತ್ತು. ಮೊದಲ ಮಹಾಯುದ್ಧಕ್ಕೆ ಮುಂಚೆ ಅಲ್ಲಿಂದ ಗಾಜಿನ ಬಳೆಗಳು ಹಡಗುಗಟ್ಟಲೆ ಭಾರತಕ್ಕೆ ಬರುತ್ತಿದ್ದವು. ಯುದ್ಧದಲ್ಲಿ ಆಸ್ಟ್ರಿಯ ಬ್ರಿಟಿಷರ ಶತ್ರುವಾಗಿ ಆಮದು ನಿಂತಾಗ ಫಿರೋಜಾಬಾದಿನ ಬಳೆಗಾರರ ಕೈಗೆ ಕೆಲಸ ಹೆಚ್ಚಿತು. ಆ ಪರದೇಶಿ ಬಳೆಗಳಲ್ಲಿ ಮುದ್ರೆ ಒತ್ತುವಷ್ಟು ಜಾಗವಿರಲಿಲ್ಲ.